ಹುಲ್ಲಿಗೆ ಬಂದವರು, ಬೂದಿಗೆ ಹೆದರಿ ಹೋದವರು

2024ರ ಏಪ್ರಿಲ್. ಲೋಕಸಭೆ ಚುನಾವಣೆಯ ಕಾವು. ಏಪ್ರಿಲ್ 19ರಂದು ದೇಶದಲ್ಲಿ ಮೊದಲ ಹಂತದ ಮತದಾನ. ನಮ್ಮ ಸ್ಟುಡಿಯೊದಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಅದೇ ಚರ್ಚೆ, ಅದೇ ಲೆಕ್ಕಾಚಾರ. ಅದರ ನಡುವೆ ಒಂದು ಪುಟ್ಟ ಸುದ್ದಿ ನನ್ನ ಮುಂದೆ ಬಂತು. ಭಾರತದಿಂದ ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಕ್ಷಿಪಣಿಗಳು ತಲುಪಿವೆ, ನಮ್ಮ ವಾಯುಪಡೆಯ ಸಿ-17 ವಿಮಾನ ಕ್ಲಾರ್ಕ್‌ನಲ್ಲಿ ಇಳಿದಿದೆ. ನನಗೆ ಸಿಕ್ಕಿದ್ದು ಮೂವತ್ತು ಸೆಕೆಂಡ್. ಓದಿದೆ, ಬ್ರೇಕ್ ಹೋಯಿತು.

ಬ್ರೇಕ್‌ನಲ್ಲಿ ಡೆಸ್ಕಿನ ಹೊಸ ಹುಡುಗ ಕೇಳಿದ: ‘ಸಾರ್, ಕ್ಲಾರ್ಕ್ ಅಂದ್ರೆ ಯಾರು?’ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ನನಗೂ ಗೊತ್ತಿರಲಿಲ್ಲ! ಮನೆಗೆ ಹೋಗಿ ಹುಡುಕಿದೆ, ಆಮೇಲೆ ವಾರಗಟ್ಟಲೆ ಓದಿದೆ. ಮೂವತ್ತು ಸೆಕೆಂಡ್‌ನಲ್ಲಿ ಮುಗಿಸಿದ ಆ ಸುದ್ದಿಯ ಹಿಂದೆ ನೂರಿಪ್ಪತ್ತು ವರ್ಷದ ಕಥೆಯಿತ್ತು. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕ್ಲಾರ್ಕ್ ಅಂದರೆ ಮೇಜರ್ ಹೆರಾಲ್ಡ್ ಕ್ಲಾರ್ಕ್, ಅಮೆರಿಕದ ಒಬ್ಬ ಪೈಲಟ್. ಮನಿಲಾದಲ್ಲಿ ಬೆಳೆದವನು. ಹವಾಯಿ ದ್ವೀಪಗಳಲ್ಲಿ ವಿಮಾನ ಹಾರಿಸಿದ ಮೊದಲ ಅಮೆರಿಕನ್ ಸೇನಾಧಿಕಾರಿ. 1919ರಲ್ಲಿ ಪನಾಮಾ ಕಾಲುವೆಯ ಬಳಿ ವಿಮಾನ ಅಪಘಾತದಲ್ಲಿ ಸತ್ತ. ಅವನ ಹೆಸರನ್ನು ತಂದು ಫಿಲಿಪ್ಪೀನ್ಸ್‌ನ ಒಂದು ಬಯಲಿಗೆ ಇಟ್ಟರು. ಆದರೆ ಆ ಬಯಲಿನ ಸುತ್ತ ಇರುವ ಊರುಗಳಿಗೆ ಅವುಗಳದೇ ಹೆಸರುಗಳಿದ್ದವು ನೋಡಿ. ಮಬಲಕಾಟ್ ಅಂದರೆ ಬಲಕಾಟ್ ಮರಗಳು ತುಂಬಿರುವ ಊರು. ಇವತ್ತು ಏಂಜೆಲಿಸ್ ಅಂತ ಕರೆಸಿಕೊಳ್ಳುವ ನಗರದ ಹಳೆಯ ಹೆಸರು ಕುಲಿಯಾಟ್, ಅದು ಅಲ್ಲಿ ಬೆಳೆಯುವ ಒಂದು ಬಳ್ಳಿ. ಸಪಾಂಗ್ ಬಾಟೊ ಅಂದರೆ ಕಲ್ಲಿನ ಹಳ್ಳ, ನಮ್ಮ ಕಡೆ ಆಗಿದ್ದರೆ ಕಲ್ಲಹಳ್ಳ ಅಂತಿದ್ದೆವು. ನಮ್ಮ ಆಲೂರು, ಹುಣಸೂರುಗಳ ಹಾಗೆ ಗಿಡ, ಮರ, ಹಳ್ಳ ನೋಡಿ ಹೆಸರಿಟ್ಟುಕೊಂಡ ರೈತರ ಊರುಗಳು ಇವು. ಮನಿಲಾದಿಂದ ವಾಯವ್ಯಕ್ಕೆ ಸುಮಾರು ಎಂಬತ್ತು ಕಿಲೋಮೀಟರ್, ಪಂಪಾಂಗ ಪ್ರಾಂತ್ಯ. ಭತ್ತ, ಕಬ್ಬು, ಪಶ್ಚಿಮಕ್ಕೆ ಕಾಡುಗುಡ್ಡಗಳ ಸಾಲು. ಆ ಸಾಲಿನಲ್ಲಿ ಪಿನಟೂಬೊ ಅನ್ನೋ ಒಂದು ಬೆಟ್ಟ. ಅದರ ಹೆಸರು ನೆನಪಿಟ್ಟುಕೊಳ್ಳಿ, ಕಥೆಯ ಕೊನೆಗೆ ಅದು ಬರುತ್ತೆ.

ಸೈನ್ಯ ಇಲ್ಲಿಗೆ ಬಂದಿದ್ದು ಯಾಕೆ ಗೊತ್ತಾ? ಹುಲ್ಲಿಗಾಗಿ!

ಮುನ್ನೂರಕ್ಕೂ ಹೆಚ್ಚು ವರ್ಷ ಫಿಲಿಪ್ಪೀನ್ಸನ್ನು ಆಳಿದ್ದು ಸ್ಪೇನ್. 1898ರಲ್ಲಿ ಅಮೆರಿಕದ ಜೊತೆ ಯುದ್ಧದಲ್ಲಿ ಸೋತ ಸ್ಪೇನ್, ಎರಡು ಕೋಟಿ ಡಾಲರ್ ಪಡೆದು ಆ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿನ ಜನ ಒಪ್ಪಲಿಲ್ಲ. ಅವರ ನಾಯಕ ಎಮಿಲಿಯೊ ಅಗಿನಾಲ್ಡೊ ಅಷ್ಟರಲ್ಲೇ ಸ್ವಾತಂತ್ರ್ಯ ಘೋಷಿಸಿಯಾಗಿತ್ತು. 1899ರ ಜೂನ್ 12ರಂದು ಆ ಸ್ವಾತಂತ್ರ್ಯದ ಮೊದಲ ವರ್ಷದ ಆಚರಣೆ ನಡೆದಿದ್ದು ಎಲ್ಲಿ? ಇದೇ ಏಂಜೆಲಿಸ್ ಊರಿನಲ್ಲಿ. ಅದೇ ವರ್ಷ ಅಮೆರಿಕದ ಸೈನ್ಯ ಆ ಊರನ್ನು ವಶಮಾಡಿಕೊಂಡಿತು. ಸ್ವಾತಂತ್ರ್ಯ ದಿನ ಆಚರಿಸಿದ ಊರೇ ಮುಂದೆ ಪರದೇಶಿ ಸೈನ್ಯದ ಹೊಸ್ತಿಲಾಯಿತು. ಇತಿಹಾಸ ಕೆಲವೊಮ್ಮೆ ಹೀಗೆ ಗೇಲಿ ಮಾಡುತ್ತೆ.

ಸೈನ್ಯ ಅಂದರೆ ಆಗಿನ ಕಾಲಕ್ಕೆ ಅಶ್ವದಳ. ಕುದುರೆಗಳಿಗೆ ಮೇವು ಬೇಕು. ಏಂಜೆಲಿಸ್ ಪಕ್ಕದ ಠಾಣ್ಯದಲ್ಲಿ ಅದು ಸಾಲಲಿಲ್ಲ. ಸಪಾಂಗ್ ಬಾಟೊ ಕಡೆ ಒಳ್ಳೆಯ ಹುಲ್ಲಿದೆ ಅಂತ ಗೊತ್ತಾಯಿತು. 1902ರ ಹೊತ್ತಿಗೆ ದಂಡು ಅಲ್ಲಿಗೆ ಹೊರಟಿತು. 1903ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಸುಮಾರು 7,700 ಎಕರೆ ಸೈನ್ಯಕ್ಕೆ. ಹೆಸರು ಫೋರ್ಟ್ ಸ್ಟಾಟ್ಸೆನ್‌ಬರ್ಗ್. 1908ರಲ್ಲಿ ಅದು ಒಂದೂವರೆ ಲಕ್ಷ ಎಕರೆ ದಾಟಿತು, ಅಂದರೆ ಆರುನೂರು ಚದರ ಕಿಲೋಮೀಟರ್‌ಗೂ ಹೆಚ್ಚು. ನಿಮಗೆ ಅಂದಾಜಿಗೆ ಹೇಳೋದಾದರೆ, ಬಿಬಿಎಂಪಿ ಕಾಲದ ಇಡೀ ಬೆಂಗಳೂರು ನಗರಕ್ಕೆ ಹತ್ತಿರ ಹತ್ತಿರ!

ಆ ಭೂಮಿ ಖಾಲಿ ಇತ್ತಾ? ಇರಲಿಲ್ಲ. ಅಲ್ಲಿ ಐಟಾ ಜನ ಇದ್ದರು. ಗುಡ್ಡದಲ್ಲಿ ಬೇಟೆಯಾಡಿ, ಕಾಡು ಕಡಿದು ಗೆಡ್ಡೆಗೆಣಸು ಬೆಳೆದು ಬದುಕುವ ಆದಿವಾಸಿಗಳು. ಫಿಲಿಪ್ಪೀನ್ಸ್‌ನ ಅತಿ ಹಳೆಯ ನಿವಾಸಿಗಳಲ್ಲಿ ಅವರೂ ಒಬ್ಬರು. ಅವರ ಹತ್ತಿರ ಪಹಣಿ ಇರಲಿಲ್ಲ, ಪಟ್ಟಾ ಇರಲಿಲ್ಲ. ಕಾಗದ ಇಲ್ಲದವನ ಭೂಮಿ ಸರ್ಕಾರದ ಕಣ್ಣಿಗೆ ಖಾಲಿ ಭೂಮಿ. ಇದು ನಮಗೇನು ಹೊಸ ಮಾತಲ್ಲ. ನಮ್ಮ ಕಾಡಂಚಿನ ಹಾಡಿಗಳಲ್ಲಿ ಹೋಗಿ ಕೇಳಿ, ಇದೇ ಕಥೆ ಹೇಳ್ತಾರೆ.

ಮುಂದೆ ಕುದುರೆ ಹೋಯಿತು, ವಿಮಾನ ಬಂತು. ಪಥ ಸಮಮಾಡಿದರು, ಹ್ಯಾಂಗರ್ ಕಟ್ಟಿದರು. ಅದೇ ಕ್ಲಾರ್ಕ್ ಫೀಲ್ಡ್. 1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು ಅಂತ ಎಲ್ಲರೂ ಓದಿದ್ದೇವೆ. ಅದಾದ ಕೆಲವೇ ಗಂಟೆಗಳಲ್ಲಿ ಜಪಾನಿ ವಿಮಾನಗಳು ಕ್ಲಾರ್ಕ್ ಮೇಲೆ ಬಂದವು. ಪರ್ಲ್ ಹಾರ್ಬರ್ ಸುದ್ದಿ ಆಗಲೇ ತಲುಪಿತ್ತು. ಆದರೂ ಮಧ್ಯಾಹ್ನ ಊಟದ ಹೊತ್ತಿಗೆ ಬಾಂಬರ್‌ಗಳು ಸಾಲಾಗಿ ನೆಲದ ಮೇಲೇ ನಿಂತಿದ್ದವು. ಏಷ್ಯಾದಲ್ಲಿ ಅಮೆರಿಕದ ವಾಯುಬಲದ ಅರ್ಧದಷ್ಟು ಆ ಒಂದೇ ದಿನ ಸುಟ್ಟುಹೋಯಿತು.

ಆಮೇಲೆ ಮೂರು ವರ್ಷ ಜಪಾನಿಗಳ ಆಳ್ವಿಕೆ. 1944ರ ಅಕ್ಟೋಬರ್‌ನಲ್ಲಿ, ಸೋಲು ಕಣ್ಣೆದುರಿಗೆ ಬಂದಾಗ, ಜಪಾನಿನ ವೈಸ್ ಅಡ್ಮಿರಲ್ ತಕಿಜಿರೊ ಒನಿಶಿ ಇದೇ ಮಬಲಕಾಟ್‌ಗೆ ಬಂದ. ವಿಮಾನಕ್ಕೆ ಬಾಂಬ್ ಕಟ್ಟಿ, ಪೈಲಟ್ ಸಮೇತ ಹಡಗಿಗೆ ಅಪ್ಪಳಿಸುವ ದಳವನ್ನು ಅಲ್ಲಿ ಕಟ್ಟಿದ. ಕಾಮಿಕಾಜೆ ಅಂತ ಜಗತ್ತೇ ನಡುಗಿತಲ್ಲ, ಅದು ಹುಟ್ಟಿದ್ದು ಬಲಕಾಟ್ ಮರಗಳ ಆ ಊರಿನಲ್ಲಿ. ಅಕ್ಟೋಬರ್ 25ರಂದು ಅಲ್ಲಿಂದ ಹಾರಿದ ತಂಡ ಅಮೆರಿಕದ ವಿಮಾನವಾಹಕ ನೌಕೆ ಸೇಂಟ್ ಲೋವನ್ನು ಮುಳುಗಿಸಿತು. ಊರಿನವರಿಗೆ ಈ ಯುದ್ಧದಲ್ಲಿ ಏನು ಪಾಲು? ಒಬ್ಬರು ಬಂದು ಬಾಂಬ್ ಹಾಕಿದರು, ಇನ್ನೊಬ್ಬರು ಬಂದು ವಾಪಸ್ ಬಾಂಬ್ ಹಾಕಿದರು. 1945ರ ಜನವರಿಯಲ್ಲಿ ಅಮೆರಿಕ ಮತ್ತೆ ಬಂತು.

ಇಲ್ಲಿ ಒಂದು ನಿಮಿಷ ಬೆಂಗಳೂರಿಗೆ ಬರೋಣ. ಅದೇ ಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆ ನಮ್ಮಲ್ಲಿಗೂ ಬಂದಿತ್ತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇವತ್ತಿನ ಎಚ್‌ಎಎಲ್, 1943ರಿಂದ ಅಮೆರಿಕನ್ನರ ಕೈಯಲ್ಲಿತ್ತು. ಅವರ ಯುದ್ಧವಿಮಾನಗಳ ರಿಪೇರಿ ಅಲ್ಲಿ ನಡೆಯುತ್ತಿತ್ತು. ಯುದ್ಧ ಮುಗಿಯಿತು, ಅವರು ಹೊರಟರು, ಕಾರ್ಖಾನೆ ನಮಗೆ ಉಳಿಯಿತು. ಕ್ಲಾರ್ಕ್‌ನಲ್ಲಿ ಯುದ್ಧ ಮುಗಿದರೂ ಅವರು ಹೊರಡಲಿಲ್ಲ. ವ್ಯತ್ಯಾಸ ಇಷ್ಟೇ. ಆದರೆ ಈ ಇಷ್ಟೇ ಅನ್ನೋದು ಎಷ್ಟು ದೊಡ್ಡದು ಅಂತ ಮುಂದೆ ನೋಡಿ.

1946ರ ಜುಲೈ 4ರಂದು ಫಿಲಿಪ್ಪೀನ್ಸ್‌ಗೆ ಸ್ವಾತಂತ್ರ್ಯ ಸಿಕ್ಕಿತು. 1947ರ ಮಾರ್ಚ್‌ನಲ್ಲಿ ಮಿಲಿಟರಿ ನೆಲೆಗಳ ಒಪ್ಪಂದ ಆಯಿತು. ಎಷ್ಟು ವರ್ಷಕ್ಕೆ? 99 ವರ್ಷಕ್ಕೆ! ಒಪ್ಪಂದದಲ್ಲಿ ಇನ್ನೊಂದು ಮಾತೂ ಇತ್ತು. ನೆಲೆ ಬಿಟ್ಟು ಹೋಗುವಾಗ, ಭೂಮಿಯನ್ನು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸುವ ಹೊಣೆ ಅಮೆರಿಕದ ಮೇಲಿಲ್ಲ. ಬಾಡಿಗೆ ಮನೆ ಖಾಲಿ ಮಾಡುವಾಗ ಸುಣ್ಣ ಬಳಿಸಿ ಕೊಡಿ ಅಂತ ನಮ್ಮಲ್ಲಿ ಓನರ್ ಕೇಳ್ತಾನೆ. ಇಲ್ಲಿ ಅದನ್ನೂ ಕೇಳೋ ಹಾಗಿಲ್ಲ. ಆ ಸಾಲು 1947ರಲ್ಲಿ ಯಾರ ಕಣ್ಣಿಗೂ ಕುಟುಕಲಿಲ್ಲ. ನಲವತ್ತನಾಲ್ಕು ವರ್ಷದ ಮೇಲೆ ಕುಟುಕಿತು.

ಶೀತಲ ಸಮರದ ಕಾಲದಲ್ಲಿ ಕ್ಲಾರ್ಕ್ ಬೆಳೆಯಿತು. ವಿಯೆಟ್ನಾಂ ಯುದ್ಧಕ್ಕೆ ಹೋಗುವ ಸೈನಿಕ ಇಲ್ಲಿ ಇಳಿದ, ಗಾಯಗೊಂಡವನು ಇಲ್ಲಿನ ಆಸ್ಪತ್ರೆಗೆ ಬಂದ. 1973ರ ಫೆಬ್ರವರಿಯಲ್ಲಿ ಹನೋಯ್ ಜೈಲಿನಿಂದ ಬಿಡುಗಡೆಯಾದ ಅಮೆರಿಕನ್ ಯುದ್ಧಕೈದಿಗಳು ಮೊದಲು ಕಾಲಿಟ್ಟಿದ್ದು ಕ್ಲಾರ್ಕ್ ನೆಲದ ಮೇಲೆ. 1986ರ ಫೆಬ್ರವರಿ 25ರ ರಾತ್ರಿ, ಜನ ಬೀದಿಗಿಳಿದು ಸರ್ವಾಧಿಕಾರಿ ಮಾರ್ಕೋಸ್‌ನನ್ನು ಓಡಿಸಿದಾಗ, ಅವನು ದೇಶ ಬಿಟ್ಟಿದ್ದೂ ಇದೇ ಕ್ಲಾರ್ಕ್ ಮೂಲಕ. ಇವೆಲ್ಲ ಬೇಲಿಯೊಳಗಿನ ಇತಿಹಾಸ. ಪುಸ್ತಕಗಳಲ್ಲಿ ಸಿಗುತ್ತೆ, ಫೋಟೊ ಸಮೇತ ಸಿಗುತ್ತೆ.

ಬೇಲಿಯ ಹೊರಗೆ?

ಹೊರಗೆ ಬಾಲಿಬಾಗೊ ಅನ್ನೋ ಹಳ್ಳಿ ಬಾರುಗಳ ಸಾಲಾಗಿ ಬದಲಾಯಿತು. ಫೀಲ್ಡ್ಸ್ ಅವೆನ್ಯೂ ಅನ್ನೋ ರಸ್ತೆ ಕೆಂಪು ದೀಪಗಳಿಗೆ ಜಗತ್ತಿನಲ್ಲೇ ಕುಖ್ಯಾತವಾಯಿತು. ಬಡ ಪ್ರಾಂತ್ಯಗಳಿಂದ ಹೆಣ್ಣುಮಕ್ಕಳು ಕೆಲಸ ಹುಡುಕಿ ಬಂದರು. ನೆಲೆಯೊಳಗೆ ಸಾವಿರಾರು ಸ್ಥಳೀಯರಿಗೆ ಉದ್ಯೋಗ ಸಿಕ್ಕಿತು. ಗುಮಾಸ್ತರು, ಮೆಕ್ಯಾನಿಕ್‌ಗಳು, ಅಡುಗೆಯವರು, ಮನೆಗೆಲಸದವರು. ಇದನ್ನು ಬರೀ ಶೋಷಣೆ ಅಂತ ಒಂದು ಮಾತಿನಲ್ಲಿ ತಳ್ಳಿಹಾಕಿದರೆ ಅದು ಅನ್ಯಾಯವಾಗುತ್ತೆ. ಆ ಸಂಬಳದಲ್ಲಿ ಮಕ್ಕಳು ಓದಿದರು, ಮನೆಗಳು ಎದ್ದವು, 1964ರಲ್ಲಿ ಏಂಜೆಲಿಸ್ ನಗರವಾಯಿತು. ಆದರೆ ಇಡೀ ಊರಿನ ಒಲೆ ಒಂದೇ ಮನೆಯ ಕೆಂಡದಿಂದ ಹೊತ್ತಿಕೊಳ್ಳುತ್ತಿತ್ತು ಅನ್ನೋದೂ ಸತ್ಯ.

ಐಟಾ ಜನರ ಕಥೆ ಇನ್ನೂ ವಿಚಿತ್ರ. ಅಮೆರಿಕನ್ ಪೈಲಟ್‌ಗಳು ವಿಯೆಟ್ನಾಂ ಕಾಡಿನಲ್ಲಿ ಬಿದ್ದರೆ ಬದುಕೋದು ಹೇಗೆ? ಯಾವ ಬಳ್ಳಿಯಲ್ಲಿ ನೀರಿದೆ, ಬಿದಿರಿನಲ್ಲಿ ಅನ್ನ ಬೇಯಿಸೋದು ಹೇಗೆ, ಶತ್ರುವಿನ ಕಣ್ಣು ತಪ್ಪಿಸೋದು ಹೇಗೆ? ಇದನ್ನೆಲ್ಲ ಕಲಿಸಲು ಐಟಾಗಳನ್ನೇ ಕರೆದರು. ಯಾರ ಕಾಡು ಹೋಯಿತೋ, ಕಾಡಿನಲ್ಲಿ ಬದುಕೋದು ಹೇಗೆ ಅನ್ನೋ ಪಾಠಕ್ಕೆ ಅವರೇ ಮೇಷ್ಟ್ರು!

1964ರ ನವೆಂಬರ್‌ನಲ್ಲಿ ಏನಾಯಿತು ಅಂತ ಕೇಳಿ. ಕ್ಲಾರ್ಕ್‌ಗೆ ಸೇರಿದ ಕ್ರೋ ವ್ಯಾಲಿ ಅನ್ನೋ ಬಯಲಿನಲ್ಲಿ ವಿಮಾನಗಳು ಬಾಂಬ್ ಹಾಕುವ ಅಭ್ಯಾಸ ಮಾಡುತ್ತಿದ್ದವು. ಬಡಮಕ್ಕಳು ಒಳಗೆ ನುಸುಳಿ ಖಾಲಿ ಹಿತ್ತಾಳೆ ತೋಟಾಗಳನ್ನು ಆಯ್ದು ಗುಜರಿಗೆ ಮಾರುತ್ತಿದ್ದರು. ಹಾಗೆ ಹೋದ ಒಬ್ಬ ಹುಡುಗ, ಇನ್ನೂ ಮೀಸೆ ಬಾರದ ವಯಸ್ಸು, ಅಮೆರಿಕನ್ ಸೈನಿಕನ ಗುಂಡಿಗೆ ಸತ್ತ. ಮನಿಲಾದಲ್ಲಿ ಜನ ಬೀದಿಗಿಳಿದರು. ಈ ನೆಲ ಯಾರದು, ಇಲ್ಲಿ ನಡೆಯೋದು ಯಾರ ಕಾನೂನು ಅನ್ನೋ ಪ್ರಶ್ನೆ ಗಟ್ಟಿಯಾಗಿ ಎದ್ದಿತು. 1966ರಲ್ಲಿ 99 ವರ್ಷದ ಅವಧಿಯನ್ನು ಕಡಿತ ಮಾಡಿ, ಅಲ್ಲಿಂದ ಮುಂದಕ್ಕೆ 25 ವರ್ಷ ಅಂತ ಮಾಡಿದರು. 1979ರಲ್ಲಿ ನೆಲೆಯ ಭೂಮಿಯ ಬಹುಪಾಲು ಫಿಲಿಪ್ಪೀನ್ಸ್‌ಗೆ ವಾಪಸ್ ಬಂತು.

25 ವರ್ಷದ ಗಡುವು ಮುಗಿಯೋದು 1991ರ ಸೆಪ್ಟೆಂಬರ್‌ಗೆ. ಅದಕ್ಕೆ ಮೂರು ತಿಂಗಳ ಮುಂಚೆ ಬೆಟ್ಟ ಮಾತಾಡಿತು.

ಸುಮಾರು ಐನೂರು ವರ್ಷ ನಿದ್ದೆ ಮಾಡಿದ್ದ ಪಿನಟೂಬೊ 1991ರ ಏಪ್ರಿಲ್‌ನಲ್ಲಿ ಹೊಗೆ ಉಗುಳಿತು. ಫಿಲಿಪ್ಪೀನ್ಸ್ ಮತ್ತು ಅಮೆರಿಕದ ಭೂವಿಜ್ಞಾನಿಗಳು ಸೇರಿ ಹಗಲು ರಾತ್ರಿ ಕಾದರು, ಎಚ್ಚರಿಕೆ ಕೊಟ್ಟರು. ಜೂನ್ 10ರ ಬೆಳಗ್ಗೆ ಕ್ಲಾರ್ಕ್‌ನಿಂದ ಸುಮಾರು ಹದಿನಾಲ್ಕೂವರೆ ಸಾವಿರ ಜನ ಕಾರು, ಬಸ್ಸು, ಟ್ರಕ್ ಹತ್ತಿ ಸುಬಿಕ್ ನೌಕಾನೆಲೆಯ ಕಡೆ ಹೊರಟರು. ಜೂನ್ 15ರಂದು ಬೆಟ್ಟ ಸಿಡಿಯಿತು. 20ನೇ ಶತಮಾನದ ಎರಡನೇ ಅತಿ ದೊಡ್ಡ ಸ್ಫೋಟ. ಬೆಟ್ಟದ ತುದಿಯ 250 ಮೀಟರ್‌ಗೂ ಹೆಚ್ಚು ಭಾಗ ಮಾಯವಾಯಿತು. ಅದೇ ದಿನ ಚಂಡಮಾರುತವೂ ಬಂತು! ಆಕಾಶದಿಂದ ಬೀಳುವ ಬೂದಿ, ಅದರ ಮೇಲೆ ಮಳೆ. ಒದ್ದೆ ಬೂದಿ ಸಿಮೆಂಟಿನ ಭಾರ. ಮನೆಗಳ ಛಾವಣಿ ಕುಸಿದವು. ಏಂಜೆಲಿಸ್‌ನಲ್ಲಿ ಅಬಕಾನ್ ನದಿಯ ಸೇತುವೆ ಕೊಚ್ಚಿಹೋಯಿತು. ಒಟ್ಟು ಸತ್ತವರು ಎಂಟುನೂರಕ್ಕೂ ಹೆಚ್ಚು. ಮುನ್ನೆಚ್ಚರಿಕೆ ಇಲ್ಲದಿದ್ದರೆ ಇನ್ನೂ ಐದು ಸಾವಿರ ಜೀವ ಹೋಗುತ್ತಿತ್ತು ಅಂತ ವಿಜ್ಞಾನಿಗಳ ಅಂದಾಜು.

ಬೆಟ್ಟದ ಮಡಿಲಲ್ಲೇ ಇದ್ದ ಐಟಾಗಳು ಎಲ್ಲಿಗೆ ಹೋದರು? ನಿರಾಶ್ರಿತರ ಶಿಬಿರಗಳಿಗೆ. ಬೆಂಕಿಯಿಂದ ಪಾರಾದ ಮಕ್ಕಳು ಅಲ್ಲಿ ದಡಾರ, ನ್ಯುಮೋನಿಯಾ, ಅತಿಸಾರಕ್ಕೆ ಸತ್ತರು.

ಅಮೆರಿಕ ಲೆಕ್ಕ ಹಾಕಿತು. ಬೂದಿ ಬಳಿದು ಕ್ಲಾರ್ಕ್ ರಿಪೇರಿ ಮಾಡೋದು ದುಬಾರಿ. ಬೇಡ ಅಂತ ತೀರ್ಮಾನಿಸಿತು. ಸುಬಿಕ್ ಮಾತ್ರ ಇನ್ನು ಹತ್ತು ವರ್ಷ ಇಟ್ಟುಕೊಳ್ಳೋಣ ಅಂತ ಹೊಸ ಒಪ್ಪಂದ ಬರೆಯಿತು. ಸೆಪ್ಟೆಂಬರ್ 16ರಂದು ಫಿಲಿಪ್ಪೀನ್ಸ್ ಸೆನೆಟ್‌ನಲ್ಲಿ ಮತದಾನ. ಸೆನೆಟ್ ಅಧ್ಯಕ್ಷ ಹೊವಿಟೊ ಸಲೊಂಗಾ ಸೇರಿ 12 ಜನ ಬೇಡ ಅಂದರು, 11 ಜನ ಬೇಕು ಅಂದರು. ಒಪ್ಪಂದ ಬಿದ್ದುಹೋಯಿತು. ಅದೊಂದು ಧೈರ್ಯದ ಮತ, ನಾನು ಒಪ್ಪುತ್ತೇನೆ. ನವೆಂಬರ್ 26ರಂದು ಕ್ಲಾರ್ಕ್‌ನಲ್ಲಿ ಅಮೆರಿಕದ ಬಾವುಟ ಇಳಿಯಿತು.

ಬಾವುಟ ಇಳಿದ ಮಾರನೇ ದಿನ ಏನಾಗುತ್ತೆ ಅಂತ ಯಾವ ಟಿವಿಯೂ ತೋರಿಸಲ್ಲ. ನಾವೂ ತೋರಿಸಲ್ಲ. ಕ್ಯಾಮೆರಾ ಅಷ್ಟರಲ್ಲಿ ಬೇರೆ ಕಡೆ ಹೋಗಿರುತ್ತೆ. ಏಂಜೆಲಿಸ್‌ನಲ್ಲಿ ಸಂಬಳ ನಿಂತಿತು. ಮಳೆಗಾಲ ಬಂದಾಗಲೆಲ್ಲ ಬೆಟ್ಟದ ಬೂದಿ ಕೆಸರಾಗಿ ಊರುಗಳ ಮೇಲೆ ಹರಿಯಿತು, ವರ್ಷ ವರ್ಷವೂ. 1995ರ ಅಕ್ಟೋಬರ್ 1ರಂದು ಬಕೊಲೋರ್ ಊರಿನ ಹಳ್ಳಿಯೊಂದು ಆ ಕೆಸರಲ್ಲಿ ಹೂತುಹೋಯಿತು. ಅಲ್ಲಿನ ಹಳೇ ಚರ್ಚ್ ಇವತ್ತಿಗೂ ಅರ್ಧ ನೆಲದೊಳಗಿದೆ. ಜನ ಅದನ್ನು ಬಿಟ್ಟು ಹೋಗಲಿಲ್ಲ. ಕಿಟಕಿಗಳನ್ನೇ ಬಾಗಿಲು ಮಾಡಿಕೊಂಡು ಒಳಗೆ ಹೋಗಿ ಪ್ರಾರ್ಥನೆ ಮಾಡ್ತಾರೆ.

ಮನೆ ಕಳೆದುಕೊಂಡ ಸಾವಿರಾರು ಕುಟುಂಬಗಳನ್ನು ಕ್ಲಾರ್ಕ್‌ನ ಖಾಲಿ ಜಾಗದಲ್ಲಿ, ಹಿಂದೆ ಸೇನೆಯ ವಾಹನಗಳ ಶೆಡ್ ಇದ್ದ ಕಡೆ, ಇರಿಸಿದರು. ಬೋರ್ ಕೊರೆದು ನೀರು ಕುಡಿದರು. ನೀರಿನಲ್ಲಿ ಎಣ್ಣೆ ವಾಸನೆ. ದಶಕಗಟ್ಟಲೆ ಸುರಿದ ಇಂಧನ, ರಾಸಾಯನಿಕ ಆ ನೆಲದಲ್ಲಿ ಇಳಿದಿತ್ತು. ಎರಡೂ ನೆಲೆಗಳಲ್ಲಿ ಪರಿಸರ ಹಾಳಾಗಿದೆ ಅಂತ 1992ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕ ತನಿಖಾ ಸಂಸ್ಥೆಯೇ ವರದಿ ಕೊಟ್ಟಿತ್ತು. ಮಕ್ಕಳಿಗೆ ಕಾಯಿಲೆ ಬಂದಾಗ ಜನ ಕೇಳಿದರು, ಸ್ವಚ್ಛ ಮಾಡೋದು ಯಾರು? ಉತ್ತರ 1947ರ ಆ ಸಾಲಿನಲ್ಲಿತ್ತು. ಹೊಣೆ ನಮ್ಮದಲ್ಲ!

ಇನ್ನು ತಂದೆಯಿಲ್ಲದ ಮಕ್ಕಳು. ಅಮೆರಿಕನ್ ಸೈನಿಕರಿಗೆ ಫಿಲಿಪ್ಪೀನಿ ತಾಯಂದಿರಲ್ಲಿ ಹುಟ್ಟಿದ ಸಾವಿರಾರು ಮಕ್ಕಳು. ಮದುವೆಯಾಗಿ ಕರೆದುಕೊಂಡು ಹೋದ ತಂದೆಯರೂ ಇದ್ದರು, ಹೇಳದೆ ಹೋದವರೂ ಇದ್ದರು. 1982ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ, ಏಷ್ಯಾದಲ್ಲಿ ತನ್ನ ಸೈನಿಕರಿಗೆ ಹುಟ್ಟಿದ ಮಕ್ಕಳು ವಲಸೆ ಬರಬಹುದು ಅಂತ ದಾರಿ ತೆರೆಯಿತು. ಕೊರಿಯಾ, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ, ಥಾಯ್ಲೆಂಡ್. ಪಟ್ಟಿಯಲ್ಲಿ ಫಿಲಿಪ್ಪೀನ್ಸ್ ಇಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಕಾನೂನು ಇಟ್ಟು ನೋಡಿ. ಕ್ಲಾರ್ಕ್‌ನೊಳಗೆ ಅಮೆರಿಕನ್ ಸೈನಿಕರ ಒಂದು ಸ್ಮಶಾನವಿದೆ. ಎಂಟು ಸಾವಿರಕ್ಕೂ ಹೆಚ್ಚು ಸಮಾಧಿ. 1991ರಲ್ಲಿ ಹೊರಡುವಾಗ ಅದನ್ನೂ ಬೂದಿಯಲ್ಲೇ ಬಿಟ್ಟು ಹೋದರು. 1994ರಲ್ಲಿ ಅಲ್ಲೇ ನೆಲೆಸಿದ್ದ ನಿವೃತ್ತ ಅಮೆರಿಕನ್ ಸೈನಿಕರು ಸೇರಿಕೊಂಡು ಕಳೆ ಕೀಳಲು ಶುರು ಮಾಡಿದರು. ಸುಮಾರು ಇಪ್ಪತ್ತು ವರ್ಷ ಆ ಮುದುಕರು ದೇಣಿಗೆ ಎತ್ತಿ ತಮ್ಮವರ ಗೋರಿ ನೋಡಿಕೊಂಡರು. 2013ರಲ್ಲಿ ಅಮೆರಿಕ ಕಾನೂನು ಮಾಡಿ ಆ ಸ್ಮಶಾನವನ್ನು ತನ್ನ ಹೊಣೆಗೆ ತೆಗೆದುಕೊಂಡಿತು. ಒಳ್ಳೆಯದೇ ಮಾಡಿತು, ಸತ್ತವರಿಗೆ ಗೌರವ ಸಿಗಲೇಬೇಕು. ನನ್ನ ಪ್ರಶ್ನೆ ಒಂದೇ. ಇಪ್ಪತ್ತೆರಡು ವರ್ಷದ ಮೇಲಾದರೂ ಗೋರಿಗಳ ನೆನಪಾಯಿತು. ಬೇಲಿಯ ಹೊರಗೆ ಬದುಕಿರುವ ಮಕ್ಕಳ ನೆನಪು ಯಾವಾಗ?

ಊರುಗಳು ಸಾಯಲಿಲ್ಲ, ಅದನ್ನೂ ಹೇಳಬೇಕು. ನೆಲೆ ಇದ್ದ ಕಾಲದಲ್ಲಿ ಅಮೆರಿಕನ್ನರು ಬೇಡ ಅಂತ ಬಿಡುತ್ತಿದ್ದ ಹಂದಿಯ ತಲೆಯನ್ನು ಏಂಜೆಲಿಸ್‌ನ ಹೆಂಗಸರು ತಂದು ಅಡುಗೆ ಮಾಡುತ್ತಿದ್ದರು. 1974ರಲ್ಲಿ ಲೂಸಿಯಾ ಕುನಾನನ್ ಎಂಬ ಹೆಣ್ಣುಮಗಳು ರೈಲ್ವೆ ಹಳಿ ಪಕ್ಕದ ಅಂಗಡಿಯಲ್ಲಿ ಅದನ್ನು ಕೆಂಡದ ಮೇಲೆ ಸುಟ್ಟು, ಕೊಚ್ಚಿ, ಈರುಳ್ಳಿ ಹುಳಿ ಹಿಂಡಿ ಕೊಟ್ಟಳು. ಅದೇ ಸಿಸಿಗ್. ಇವತ್ತು ಫಿಲಿಪ್ಪೀನ್ಸ್‌ನ ಹೆಮ್ಮೆಯ ತಿನಿಸು. ಕ್ಲಾರ್ಕ್ ಈಗ ವಿಶೇಷ ಆರ್ಥಿಕ ವಲಯ, ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಟೈರ್, ಚಿಪ್, ಕಾಲ್ ಸೆಂಟರ್, ಎಲ್ಲ ಬಂದಿವೆ. ಲಕ್ಷಕ್ಕೂ ಹೆಚ್ಚು ಜನಕ್ಕೆ ಅಲ್ಲಿ ಕೆಲಸ. ನೆಲೆ ಹೋದರೆ ಊರು ಉಪವಾಸ ಬೀಳುತ್ತೆ ಅಂದವರ ಮಾತು ಕೊನೆಗೆ ಸುಳ್ಳಾಯಿತು. ಆದರೆ ಆ ಕೊನೆ ತಲುಪುವ ತನಕ ನಡುವೆ ಬಿದ್ದವರ ಲೆಕ್ಕ ಯಾರೂ ಇಡಲಿಲ್ಲ.

ಈಗ ಚೀನಾದ ಹೆದರಿಕೆಯಿಂದ ಅಮೆರಿಕನ್ ಸೈನಿಕರು ಫಿಲಿಪ್ಪೀನ್ಸ್‌ಗೆ ಮತ್ತೆ ಬರುತ್ತಿದ್ದಾರೆ. 2014ರ ಒಪ್ಪಂದದಂತೆ ಅವರು ಬಳಸಬಹುದಾದ ಜಾಗಗಳಲ್ಲಿ ಪಂಪಾಂಗದ ಬಾಸಾ ವಾಯುನೆಲೆಯೂ ಒಂದು. ನಮ್ಮ ಕ್ಷಿಪಣಿಗಳೂ ಕ್ಲಾರ್ಕ್‌ನಲ್ಲಿ ಇಳಿದವು. ದೇಶಕ್ಕೆ ರಕ್ಷಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವುದೇ ದೇಶದಲ್ಲಿ, ಯಾವುದೇ ನೆಲೆಗೆ ಸಹಿ ಹಾಕುವ ಮುನ್ನ ಆ ಕಾಗದದ ಕೊನೆಯ ಪುಟ ಓದಿ. ಹೋಗುವಾಗ ನೆಲ ಸ್ವಚ್ಛ ಮಾಡೋದು ಯಾರು, ನೀರಿಗೆ ಹೊಣೆ ಯಾರು, ಮಕ್ಕಳಿಗೆ ಹೊಣೆ ಯಾರು ಅಂತ ಬರೆದಿದೆಯಾ ನೋಡಿ.

ಡೆಸ್ಕಿನ ಆ ಹುಡುಗನಿಗೆ ಮರುವಾರ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂದ: ‘ಸಾರ್, ಹಾಗಾದ್ರೆ ಆ ದಿನ ನಾವು ಸಪಾಂಗ್ ಬಾಟೊ ಅಂತ ಓದಬೇಕಿತ್ತು.’

ಹೌದು. ಓದಬೇಕಿತ್ತು.